ಪುಟದ ಬುಡದಲ್ಲಿ ಇಲ್ಲದ ಅಕ್ಷರ

ವಿನಿಫ್ರೆಡ್ ಪಾಸ್ಕ್‌ಗೆ ಇಪ್ಪತ್ತಮೂರು ಅಕ್ಷರ ಬರುತ್ತಿದ್ದವು. ಲೋಕದಲ್ಲಿ ಇರುವುದೇ ಅಷ್ಟು ಎಂದು ನಲವತ್ತೊಂದು ವರ್ಷ ನಂಬಿಕೊಂಡು ಬದುಕಿದಳು.

ಲಂಡನ್ನಿನ ಸೇಂಟ್ ಪಾಲ್ ಚರ್ಚಿನ ಮಗ್ಗುಲಲ್ಲಿ ಥರ್ಲೋ ಯಜಮಾನರ ಪುಸ್ತಕದಂಗಡಿ. ಅವರು ಬರೀ ಮಾರುವವರಲ್ಲ, ಪುಸ್ತಕ ಹೊರಡಿಸುವವರು. ಅಂಗಡಿಯ ಹಿಂದಿನ ಕೋಣೆಯಲ್ಲಿ ಉದ್ದನೆಯ ಮೇಜು, ಅದರ ಸುತ್ತ ಐದಾರು ಹೆಂಗಸರು. ಅಚ್ಚಿನ ಮನೆಯಿಂದ ಹಾಳೆಗಳು ಹೊರೆಹೊರೆಯಾಗಿ ಬಂದು ಬೀಳುತ್ತಿದ್ದವು. ಒಂದೊಂದು ಹಾಳೆಯೂ ಎರಡು ಕೈ ಚಾಚಿ ಹಿಡಿಯುವಷ್ಟು ಅಗಲ. ಮೂರು ಸಲ ಮಡಿಸಿ, ಮೂಳೆಯ ಪಟ್ಟಿಯಿಂದ ಒತ್ತಿ ಎಳೆದರೆ ಹದಿನಾರು ಪುಟ. ಮಡಿಕೆಗಳು ಹಿಂದುಮುಂದಾಗಬಾರದಲ್ಲ, ಅದಕ್ಕೆ ಒಂದೊಂದು ಹಾಳೆಯ ಮೊದಲ ಪುಟದ ಬುಡದಲ್ಲಿ ಗುರುತಿಗೆ ಒಂದು ಅಕ್ಷರ. ಎ ಆದ ಮೇಲೆ ಬಿ, ಬಿ ಆದ ಮೇಲೆ ಸಿ. ಹೀಗೆ ಜೋಡಿಸುತ್ತಾ ಹೋದರೆ ಪುಸ್ತಕ.

ಒಂಬತ್ತು ವರ್ಷದ ವಿನಿಫ್ರೆಡ್‌ಳನ್ನು ಆ ಮೇಜಿಗೆ ಕರೆತಂದವಳು ಚಿಕ್ಕಮ್ಮ ಹೆಸ್ಟರ್. ಹುಡುಗಿಯ ಕಣ್ಣು ಪುಟದ ಮೇಲೇರಿದರೆ ಸಾಕು, ಮೂಳೆಪಟ್ಟಿ ಗೆಣ್ಣಿಗೆ ಬೀಳುತ್ತಿತ್ತು.

"ಬುಡ ನೋಡೇ, ಬುಡ! ಮೇಲಿಂದು ಓದೋಕೆ ದೊಡ್ಡ ಮನುಷ್ಯರಿದಾರೆ. ನಿನ್ ಕಣ್ಣು ಮೇಲೆ ಹೋಯ್ತೋ, ಕೈ ದಾರಿ ತಪ್ತು ಅಂತ್ಲೇ ತಿಳ್ಕೊ."

ಅಂದಿನಿಂದ ವಿನಿಫ್ರೆಡ್ ಬುಡವನ್ನೇ ನೋಡಿದಳು. ಅಕ್ಷರದ ಹೆಸರು ಕೂಗುತ್ತಾ ಮಡಿಸುವುದು ಆ ಮೇಜಿನ ರೂಢಿ, ಹಾಗಾಗಿ ಅಕ್ಷರಮಾಲೆ ಬಾಯಿಪಾಠವಾಯಿತು. ಆದರೆ ಅಚ್ಚಿನವರು ಬುಡದ ಗುರುತಿಗೆ ಮೂರು ಅಕ್ಷರಗಳನ್ನು ಬಳಸುವುದಿಲ್ಲ. ಹಳೆಯ ಲ್ಯಾಟಿನ್ನಿನಲ್ಲಿ ಅವು ಇರಲಿಲ್ಲವಂತೆ, ಅದೇ ಪದ್ಧತಿ ನಡೆದುಕೊಂಡು ಬಂದಿದೆ. ಅದನ್ನು ಮಡಿಸುವವರಿಗೆ ಕೂರಿಸಿ ಹೇಳುವವರು ಯಾರು?

ಇದರಿಂದ ಯಾರಿಗೂ ಏನೂ ತೊಂದರೆಯಾಗಲಿಲ್ಲ, ಮಗಳು ಡಾರ್ಕಸ್‌ಳ ಮದುವೆ ಗೊತ್ತಾಗುವವರೆಗೆ. ಹುಡುಗ ಆಂಬ್ರೋಸ್ ಟಲ್, ಅಚ್ಚಿನ ಮೊಳೆ ಜೋಡಿಸುವವನು. ಮದುವೆಯ ದಿನ ಚರ್ಚಿನ ಪುಸ್ತಕದಲ್ಲಿ ಇಬ್ಬರು ಸಾಕ್ಷಿ ಹಾಕಬೇಕು. ಗಂಡಿನ ಕಡೆಯಿಂದ ಅವನ ತಾಯಿ, ಅಕ್ಷರಕ್ಕೆ ಬಾಲವಿಟ್ಟು ಬಳ್ಳಿ ಎಳೆದು ಸಹಿ ಮಾಡುವವರು. ಡಾರ್ಕಸ್ ಹುಲ್ಲಿನ ಟೋಪಿ ಹೆಣೆಯುವವಳು, ಅವಳಿಗೆ ಒಂದಕ್ಷರವೂ ಬಾರದು. ಹುಡುಗನ ಮನೆಯಲ್ಲಿ ಚಹಾ ಕುಡಿಯುವ ಹೊತ್ತಿನಲ್ಲಿ ಎಲ್ಲರ ಮುಂದೆ ಹೇಳಿಬಿಟ್ಟಳು.

"ನಮ್ ಕಡೆಯಿಂದ ನಮ್ಮಮ್ಮ ಹಾಕ್ತಾಳೆ. ನಮ್ಮಮ್ಮಂಗೆ ಅಕ್ಷರ ಎಲ್ಲಾ ಬರುತ್ತೆ!"

ಬೀಗಿತ್ತಿ ಬಟ್ಟಲು ಕೆಳಗಿಟ್ಟರು. "ಬಂದ್ರೆ ಸಂತೋಷ. ಬರ್ದಿದ್ರೂ ನಾಚ್ಕೋಬೇಡಿ. ಒಂದು ಉದ್ದಗೀಟು ಒಂದು ಅಡ್ಡಗೀಟು ಎಳೆದ್ರೂ ಪಾದ್ರಿಗಳು ಒಪ್ಕೋತಾರೆ. ನಮ್ಮನೆಗೆ ಕಲ್ಲಿದ್ಲು ಹೊರೋನೂ ಹಂಗೇ ಹಾಕೋದು."

ವಿನಿಫ್ರೆಡ್‌ಳ ಗಂಡ ಗೈಲ್ಸ್ ಸಾಯುವ ದಿನದವರೆಗೆ ಹೊತ್ತದ್ದು ಕಲ್ಲಿದ್ದಲು. ಅವಳ ಕಿವಿ ಕೆಂಪಾಯಿತು. "ಈ ಕೈ ದಿನಾ ಅಕ್ಷರ ಎಣಿಸಿದ್ದು ಬೀಗಿತ್ತಿ. ಗೀಟು ಯಾಕೆ ಎಳೀಲಿ? ಹೆಸರೇ ಬರೀತೀನಿ."

ಮನೆಗೆ ಬಂದು ಒಲೆಯ ಮುಂದಿನ ಕಲ್ಲಿನ ಮೇಲೆ ಇದ್ದಿಲಿನಿಂದ ಬರೆಯಲು ಕುಳಿತಳು. ಹೆಸರನ್ನು ಬಾಯಲ್ಲಿ ಬಿಡಿಸಿ ಬಿಡಿಸಿ ಹೇಳಿಕೊಂಡಳು. ಐ ಸಿಕ್ಕಿತು, ಎನ್ ಸಿಕ್ಕಿತು, ಎಫ್, ಆರ್, ಇ, ಡಿ, ಎಲ್ಲವೂ ಒಂದೊಂದಾಗಿ ಬಂದು ಕುಳಿತವು. ಮೊದಲನೆಯದು ಮಾತ್ರ ಬರಲಿಲ್ಲ. ವೀ ಇತ್ತು ನಿಜ. ಆದರೆ ವೀ ಅನ್ನಬೇಕಾದರೆ ಹಲ್ಲು ತುಟಿಗೆ ತಾಗಬೇಕು. ಅವಳ ಹೆಸರಿಗೆ ಹಲ್ಲಿನ ಕೆಲಸವಿಲ್ಲ, ಮೇಣದಬತ್ತಿ ಆರಿಸುವಂತೆ ತುಟಿ ದುಂಡಗೆ ಮಾಡಿ ಊದಬೇಕು. ಆ ಉಸಿರಿಗೆ ಇಪ್ಪತ್ತಮೂರರಲ್ಲಿ ಅಕ್ಷರವೇ ಇರಲಿಲ್ಲ.

ಮೇಜಿನಲ್ಲಿ ಪಕ್ಕ ಕೂರುವ ಕೆಜಾಯಾಗೆ ಹೇಳಿಕೊಂಡಳು. ಕೆಜಾಯಾ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಮೊದಲ್ನೇ ಮಡಿಕೆ ಬಿಟ್ಟೋಗಿರೋ ಪುಸ್ತಕ ಕಣೇ ನೀನು! ಇನಿಫ್ರೆಡ್ ಅಂತ ಬರ್ದುಬಿಡು, ಆ ಪಾದ್ರಿಗೆ ಹೇಗೂ ಅರ್ಧ ಕಿವುಡು."

"ತಮಾಷೆ ಸಾಕು. ಸೋಮವಾರ ಮದುವೆ."

"ಅಳಿಯನ್ನೇ ಕೇಳ್ಬಾರ್ದಾ? ಬೆಳಗಿಂದ ಸಂಜೆವರ್ಗೆ ಅಕ್ಷರದಲ್ಲೇ ಕೈಯಾಡ್ಸೋನು."

"ಕೇಳಿದ್ರೆ ಅವನು ಹೋಗಿ ಅವರಮ್ಮನ ಕಿವೀಲಿ ಊದ್ತಾನೆ. ಅದಕ್ಕಿಂತ ಗೀಟೇ ವಾಸಿ."

ಬಡವರ ಹೆಸರಿಗೆ ದೇವರು ಅಕ್ಷರ ಇಡಲಿಲ್ಲವೇನೋ ಎಂದು ಅವಳಿಗೆ ಅನ್ನಿಸತೊಡಗಿತ್ತು. ಗುರುವಾರ ಯಜಮಾನರು ಕರೆಸಿದರು. ಎಪ್ಪತ್ತು ದಾಟಿದ್ದ ಅವರು ತಾವು ಹೊರಡಿಸಿದ ಪುಸ್ತಕಗಳಲ್ಲಿ ಒಂದೊಂದು ಪ್ರತಿಯನ್ನು ಮಹಡಿಯ ಮೇಲೆ ಇಟ್ಟುಕೊಂಡಿದ್ದರು. ಅವನ್ನೆಲ್ಲ ಹುಟ್ಟೂರಿನ ಶಾಲೆಗೆ ಕೊಟ್ಟುಬಿಡುವ ಮನಸ್ಸಾಗಿತ್ತು.

"ಒಂದು ಮಡಿಕೇನೂ ತಪ್ಪಿರಬಾರದು, ವಿನ್ನಿ. ನನ್ ಕಣ್ಣು ಮಂಜಾಯ್ತು. ನಿನ್ ಕಣ್ಣನ್ನ ನಂಬ್ತೀನಿ."

ನಲವತ್ತೊಂದು ವರ್ಷದಲ್ಲಿ ಆ ಮೆಟ್ಟಿಲನ್ನು ಅವಳು ಹತ್ತಿದ್ದಿಲ್ಲ. ಬಾಗಿಲಲ್ಲೇ ನಿಂತುಬಿಟ್ಟಳು. ನೆಲದಿಂದ ತೊಲೆಯವರೆಗೆ, ನಾಲ್ಕು ಗೋಡೆಗೂ, ಕಂದು ಚರ್ಮದ ಬೆನ್ನು ತೋರಿಸಿಕೊಂಡು ಪುಸ್ತಕಗಳು. ಅವಳು ಅದುವರೆಗೆ ಕಂಡದ್ದು ಬರೀ ಬಿಡಿ ಮಡಿಕೆ. ಕಟ್ಟಿ ಹಗ್ಗ ಬಿಗಿದರೆ ರಟ್ಟು ಹಾಕುವವನ ಕೈಗಾಡಿ ಒಯ್ಯುತ್ತಿತ್ತು, ಅಲ್ಲಿಗೆ ಮುಗಿಯಿತು. ಹೊಳೆಗೆ ನೀರು ಸುರಿದಂತೆ ಎಲ್ಲಿಗೋ ಹೋಗುತ್ತದೆ ಅಂದುಕೊಂಡಿದ್ದಳು. ಹೋದದ್ದೆಲ್ಲ ಇಲ್ಲಿ ನಿಂತಿತ್ತು.

"ಇದೆಲ್ಲಾನೂ ನಾವೇ ಮಡಿಸಿದ್ದಾ, ಯಜಮಾನ್ರೇ?"

"ಮತ್ತಿನ್ಯಾರು? ಬರೆಯೋರು ಬರೆದ್ರು, ನಾನು ಹೊರಡಿಸ್ದೆ. ನಿಮ್ ಕೈ ಬೀಳದಿದ್ರೆ ಮೀನು ಕಟ್ಟೋಕೆ ಹೋಗ್ತಿತ್ತು."

ಕೈ ಒರೆಸಿಕೊಂಡು ಒಂದೊಂದಾಗಿ ಇಳಿಸಿದಳು. ಹೆಸರು ಓದಲು ಬಾರದಿದ್ದರೂ ಕಾಗದ ಮುಟ್ಟಿದೊಡನೆ ಗುರುತು ಹತ್ತಿತು. ಈ ಒರಟು ಕಾಗದದ ಉಪದೇಶಗಳು, ಥೇಮ್ಸ್ ಹೊಳೆ ಹೆಪ್ಪುಗಟ್ಟಿದ ಚಳಿಗಾಲದ್ದು. ಆಗ ಬೆರಳು ಒಡೆದು ಕೆ ಹಾಳೆಯ ಮೇಲೆ ರಕ್ತದ ಚುಕ್ಕೆ ಬಿದ್ದಿತ್ತು. ಹಡಗಿನ ಪಟಗಳಿರುವ ಈ ದಪ್ಪ ಪುಸ್ತಕ ಮಡಿಸುವಾಗ ಡಾರ್ಕಸ್ ಹೊಟ್ಟೆಯಲ್ಲಿದ್ದಳು, ಮೇಜಿಗೆ ಎದೆ ತಾಗಿಸಲಾಗದೆ ಓರೆಯಾಗಿ ಕೂತದ್ದು. ಕುದುರೆಯ ಕಾಯಿಲೆಗಳು, ಅಡುಗೆಯದು, ಆಕಾಶದ ಚುಕ್ಕಿಗಳದ್ದು. ಜೇನುಹುಳುಗಳ ಈ ಸಣ್ಣ ಪುಸ್ತಕ ಎಂ ಹಾಳೆಗೆ ಬಂದಾಗ ಗೈಲ್ಸ್ ಸತ್ತ ಸುದ್ದಿ ಬಂದಿತ್ತು. ಎಂ ತೆರೆದು ನೋಡಿದಳು. ಅದರ ಅಂಚು ಕೂದಲೆಳೆಯಷ್ಟೂ ಸೊಟ್ಟಗಾಗಿರಲಿಲ್ಲ. ಅವತ್ತು ಆ ಕೈ ಯಾರದ್ದಾಗಿತ್ತೋ ಎಂದು ಅವಳಿಗೇ ಬೆರಗಾಯಿತು. ತನ್ನ ಆಯುಷ್ಯವೆಲ್ಲ ಇನ್ನೊಬ್ಬರ ಗೋಡೆಯಲ್ಲಿ ಸಾಲಾಗಿ ನಿಂತಿರುವುದನ್ನು ಎಷ್ಟು ಜನ ಕಂಡಾರು!

ಶನಿವಾರ ಮಧ್ಯಾಹ್ನ ಕೊನೆಯ ಸಾಲಿನ ಮೂಲೆಗೆ ಬಂದಳು. ಅಲ್ಲಿ ಹೂವಿನ ಕಾಗದ ಹೊದಿಸಿದ, ಅಂಗೈಯಷ್ಟಗಲದ ಮಕ್ಕಳ ಪುಸ್ತಕ. ಎಲ್ಲಕ್ಕಿಂತ ಹೆಚ್ಚು ಮಡಿಸಿದ್ದು ಇದನ್ನೇ, ವರ್ಷವರ್ಷವೂ ಸಾವಿರಗಟ್ಟಲೆ. ಇಡೀ ಪುಸ್ತಕಕ್ಕೆ ಒಂದೇ ಹಾಳೆ. ಹಾಗಾಗಿ ಬುಡದಲ್ಲಿ ಗುರುತಿಲ್ಲ.

ಗುರುತಿಲ್ಲದೆ ಪುಟ ಸರಿಯಿದೆಯೆಂದು ನೋಡುವುದು ಹೇಗೆ? ಕಣ್ಣು ಮೇಲಕ್ಕೆ ಏರಿಸಲೇಬೇಕಾಯಿತು. ಗೆಣ್ಣಿಗೆ ಮೂಳೆಪಟ್ಟಿ ಬಿದ್ದಂತಾಗಿ ಒಮ್ಮೆ ಕೈ ಹಿಂದೆಗೆದುಕೊಂಡಳು. ಚಿಕ್ಕಮ್ಮ ಮಣ್ಣಾಗಿ ಎಷ್ಟೋ ಕಾಲವಾಗಿತ್ತು.

ಒಂದೊಂದು ಅಕ್ಷರ, ಅದರ ಪಕ್ಕ ಒಂದೊಂದು ಚಿತ್ರ. ಅವಳು ಹೆಸರು ಕೂಗುತ್ತಾ ಪುಟ ತಿರುವಿದಳು. ನಡುವೆ ಒಂದೆರಡು ಕಡೆ ಅಪರಿಚಿತ ಮುಖ ಕಂಡು ತಡೆದಳು. ವೀ ಆದ ಮೇಲೆ ಎಕ್ಸ್ ಬರಬೇಕು. ಬರಲಿಲ್ಲ. ಅಲ್ಲಿ ಎರಡು ವೀಗಳು ಅಕ್ಕತಂಗಿಯರಂತೆ ಮೊಣಕೈ ತಾಗಿಸಿ ನಿಂತಿದ್ದವು. ಪಕ್ಕದಲ್ಲಿ ನಾಲ್ಕು ರೆಕ್ಕೆಯ ಗಾಳಿಗಿರಣಿ. ಹೊಳೆಯಾಚೆ ದಿನಾ ಕಾಣುವುದೇ.

"ವಿಂಡ್‌ಮಿಲ್," ಅಂದಳು. ತುಟಿ ದುಂಡಗಾಯಿತು. ಇನ್ನೊಮ್ಮೆ ಅಂದಳು. ಆಮೇಲೆ ತನ್ನ ಹೆಸರು ಹೇಳಿದಳು. ಅದೇ ಉಸಿರು.

ಮಡಿಕೆಯ ಗೆರೆ ಆ ಅಕ್ಷರದ ಮಗ್ಗುಲಲ್ಲೇ ಇಳಿದಿತ್ತು. ಅವಳ ಬೆರಳೇ ಅದನ್ನು ಸಾವಿರ ಸಾವಿರ ಸಲ ಸವರಿ, ಒಳಗೆ ಮುಚ್ಚಿಟ್ಟು, ಊರೂರಿನ ಮಕ್ಕಳಿಗೆ ಕಳಿಸಿಕೊಟ್ಟಿತ್ತು.

"ಯಜಮಾನ್ರೇ, ಈ ಜೋಡಿ ವೀ ಯಾವತ್ತಿಂದ ಇದೆ?"

"ಡಬ್ಲ್ಯೂನಾ? ನಮ್ಮಜ್ಜನ ಕಾಲಕ್ಕೂ ಮುಂಚಿಂದ ಇದೆ. ಯಾಕೆ?"

"ಬುಡದಲ್ಲಿ ಇರ್ಲಿಲ್ಲ."

ಮುದುಕರು ನಗಲು ಬಾಯಿ ತೆರೆದವರು ಅವಳ ಮುಖ ನೋಡಿ ಮುಚ್ಚಿಕೊಂಡರು. "ಇಲ್ಲ," ಎಂದರು ಮೆಲ್ಲಗೆ. "ಬುಡದಲ್ಲಿ ನಾವು ಅದನ್ನ ಇಡೋದೇ ಇಲ್ಲ." ಮಸಿಕುಡಿಕೆಯನ್ನೂ ಗರಿಯ ಲೇಖನಿಯನ್ನೂ ಅವಳ ಕಡೆಗೆ ಸರಿಸಿದರು.

ಸೋಮವಾರ ಮದುವೆಯಾದ ಮೇಲೆ ಚರ್ಚಿನ ಒಳಕೋಣೆಯಲ್ಲಿ ಪುಸ್ತಕ ತೆರೆದರು. ಬೀಗಿತ್ತಿ ಬಳ್ಳಿ ಎಳೆದು ಸಹಿ ಮಾಡಿ ಲೇಖನಿ ದಾಟಿಸಿದರು. ಗುಮಾಸ್ತ ಬೆರಳಿಟ್ಟು ತೋರಿಸಿದ. "ಇಲ್ಲಿ ಹಾಕಮ್ಮ, ಇಲ್ಲಿ. ಬುಡದಲ್ಲಿ."

"ಬುಡ ಎಲ್ಲಿದೆ ಅಂತ ನನಗೆ ತೋರಿಸ್ಬೇಡಪ್ಪ," ಅಂದಳು ವಿನಿಫ್ರೆಡ್.

ಮೊದಲು ಜೋಡಿ ವೀ. ಅದೊಂದೇ ಅರ್ಧ ಸಾಲು ನುಂಗಿತು. ಉಳಿದ ಅಕ್ಷರಗಳು ಅದರ ಹಿಂದೆ ಇಕ್ಕಟ್ಟಾಗಿ ನಿಂತವು.

ಬೀಗಿತ್ತಿ ಬಗ್ಗಿ ನೋಡಿದರು. "ಮೊದಲಕ್ಷರ ಸ್ವಲ್ಪ ದೊಡ್ಡದಾಯ್ತೇನೋ?"

"ತಡವಾಗಿ ಬಂತು ನೋಡಿ ಬೀಗಿತ್ತಿ, ಜಾಗ ಜಾಸ್ತಿ ಕೇಳ್ತು."

ಡಾರ್ಕಸ್ ನಕ್ಕಳು. ಗುಮಾಸ್ತ ಪುಸ್ತಕ ಮುಚ್ಚಲು ಕೈ ಹಾಕಿದ. ವಿನಿಫ್ರೆಡ್ ಅವನ ಮಣಿಕಟ್ಟು ಹಿಡಿದಳು.

"ತಾಳು. ಮಸಿ ಹಸಿಯಿದೆ. ಹಸಿ ಹಾಳೆ ಮಡಿಸಬಾರ್ದು."

ಅದು ಒಣಗುವವರೆಗೂ ಅವಳು ನೋಡುತ್ತಾ ನಿಂತಳು.