ಪತಿ-ಪತ್ನಿ ಪ್ರಕರಣ

ಮದುವೆಯಾದ ಮೇಲೆ ಹದಿನಾರು ವರ್ಷ ಬಸವೇಶ್ ಪಾವಗಡದ ಗಡಿಯ ಊರೊಂದರಲ್ಲಿ, ಮನೆಯಲ್ಲಿ ತೆಲುಗು ಮಾತಾಡುವ ಮಕ್ಕಳಿಗೆ ಕನ್ನಡ ಕಲಿಸಿಕೊಂಡಿದ್ದ. ಹೆಂಡತಿ ಭುವನಾ ಕೊರಟಗೆರೆ ತಾಲ್ಲೂಕಿನಲ್ಲಿ ಲೆಕ್ಕದ ಟೀಚರು. ಇಬ್ಬರಿಗೂ ಅನುಕೂಲವಾಗಲೆಂದು ಮಧ್ಯದಲ್ಲಿ, ಮಧುಗಿರಿಯಲ್ಲಿ ಮನೆ ಮಾಡಿದ್ದರಿಂದ ಅದು ಇಬ್ಬರಿಗೂ ದೂರವಾಗಿತ್ತು. ವರ್ಗಾವಣೆ ಕಾಲ ಬಂದಾಗಲೆಲ್ಲ ಅರ್ಜಿಯ ತಲೆಯ ಮೇಲೆ ‘ಪತಿ-ಪತ್ನಿ ಪ್ರಕರಣ’ ಎಂದು ಬರೆದು, ಮದುವೆಯ ಫೋಟೋ ಜೆರಾಕ್ಸ್ ಮಾಡಿಸಿ ಲಗತ್ತಿಸುವರು. ಜೆರಾಕ್ಸಿನ ಜೆರಾಕ್ಸ್ ಆಗಿ ಆಗಿ, ಕೊನೆಯ ವರ್ಷದ ಅರ್ಜಿಯಲ್ಲಿ ವಧು ಯಾರು ವರ ಯಾರು ಎಂದು ಹೇಳುವುದೇ ಕಷ್ಟವಾಗಿತ್ತು. ಆ ವರ್ಷವೇ ಆದೇಶ ಬಂತು. ಬಡವನಹಳ್ಳಿ ಕಡೆಯ ಒಂದು ಹಿರಿಯ ಪ್ರಾಥಮಿಕ ಶಾಲೆ. ಇಬ್ಬರೂ ಅಲ್ಲಿಗೇ.

ಎರಡು ವರ್ಷ ಸುಖವಾಗಿ ಕಳೆಯಿತು. ಒಂದೇ ಸ್ಕೂಟರು, ಒಂದೇ ಊಟದ ಬ್ಯಾಗು. ಆಮೇಲೆ ಮುಖ್ಯ ಶಿಕ್ಷಕ ರುದ್ರಮುನಿ ನಿವೃತ್ತರಾದರು. ಬದಲಿಗೆ ಯಾರೂ ಬರಲಿಲ್ಲ. ಇದ್ದವರಲ್ಲೇ ಸೀನಿಯರ್ ಯಾರೋ ಅವರು ಪ್ರಭಾರ ವಹಿಸಿಕೊಳ್ಳಬೇಕು ಎಂದು ಕಚೇರಿಯಿಂದ ಪತ್ರ ಬಂತು.

ವಯಸ್ಸಿನಲ್ಲಿ ಬಸವೇಶನೇ ದೊಡ್ಡವನು. ಆದರೆ ಇಬ್ಬರೂ ನೇಮಕವಾದದ್ದು ಒಂದೇ ಪಟ್ಟಿಯಲ್ಲಿ, ಮತ್ತು ಆ ಪಟ್ಟಿಯಲ್ಲಿ ಭುವನಾ ಅವನಿಗಿಂತ ಹದಿನಾಲ್ಕು ಸ್ಥಾನ ಮೇಲಿದ್ದಳು. ಆಗಿನ್ನೂ ಮದುವೆ ನಿಶ್ಚಯವಾಗಿತ್ತಷ್ಟೆ. ಹುಡುಗಿಗೂ ಒಂದು ನೌಕರಿಯಾಗಲಿ ಎಂದು ಮೂರು ತಿಂಗಳು ಕೂರಿಸಿಕೊಂಡು ಪರೀಕ್ಷೆಗೆ ಓದಿಸಿದವನು ಇವನೇ. ಚೆನ್ನಾಗಿಯೇ ಓದಿಸಿದ್ದ.

ಭುವನಾ ಪ್ರಭಾರ ವಹಿಸಿಕೊಂಡ ದಿನ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದ್ದೂ ಅವನೇ. ತೊಂದರೆ ಮರುದಿನ ಶುರುವಾಯಿತು. ಶಾಲೆಯಲ್ಲಿ ಅವಳನ್ನು ಏನೆಂದು ಕರೆಯುವುದು? ‘ಭುವನಾ’ ಎನ್ನುವಂತಿಲ್ಲ, ‘ಮೇಡಂ’ ಎನ್ನಲು ನಾಲಿಗೆ ಏಳದು. ತಿಂಗಳಾನುಗಟ್ಟಲೆ ಏನೂ ಕರೆಯದೆ, ಆಫೀಸಿನ ಬಾಗಿಲಲ್ಲಿ ನಿಂತು ಗಂಟಲು ಸರಿಮಾಡಿಕೊಂಡೇ ಕೆಲಸ ಸಾಗಿಸಿದ. ಮುಖ್ಯ ಶಿಕ್ಷಕಿಯ ಹಿಂದೆ ಗೇಟಿನೊಳಗೆ ಹೋಗುವುದೂ ಅವನಿಗೆ ಇರಿಸುಮುರಿಸು. ಹಾಗಾಗಿ ಅವಳನ್ನು ಗೇಟಿನ ಮುಂದೆ ಇಳಿಸಿ, ಸ್ಕೂಟರು ತಿರುಗಿಸಿ ಬಡವನಹಳ್ಳಿಗೆ ಹೋಗಿ ಟೀ ಕುಡಿದು ಬರತೊಡಗಿದ. ಟೀ ದಿನದಿನಕ್ಕೆ ಉದ್ದವಾಯಿತು. ಅವನು ವಾಪಸು ಬರುವ ಹೊತ್ತಿಗೆ ಪ್ರಾರ್ಥನೆ ಮುಗಿದು ಮಕ್ಕಳು ತರಗತಿಯಲ್ಲಿ ಕೂತಿರುತ್ತಿದ್ದರು.

ಉಳಿದ ಶಿಕ್ಷಕರು ಮೊದಲು ನಕ್ಕರು. ಆಮೇಲೆ ಅವರೂ ತಡವಾಗಿ ಬರತೊಡಗಿದರು. ಭುವನಾ ಮನೆಯಲ್ಲಿ ಎರಡು ಸಲ ಹೇಳಿದಳು. “ಸ್ಕೂಲ್ ವಿಷಯ ಮನೇಲಿ ಬೇಡ” ಎಂದ ಬಸವೇಶ್. ಶಾಲೆಯಲ್ಲಿ ಒಂದು ಸಲ ಹೇಳಿದಳು. “ಮನೆ ವಿಷಯ ಇಲ್ಯಾಕೆ?” ಎಂದ. ಈ ಜಾಣತನವನ್ನು ತಾನೇ ಮೆಚ್ಚಿಕೊಂಡು ನಾಲ್ಕು ದಿನ ಖುಷಿಯಾಗಿದ್ದ.

ಐದನೆಯ ದಿನ, ಬಿಸಿಯೂಟದ ಅಡುಗೆ ಮಾಡುವ ಸರೋಜಮ್ಮ ಒಂದು ಹಾಳೆ ಹಿಡಿದುಕೊಂಡು ಅವನ ತರಗತಿಗೆ ಬಂದಳು.

“ಸಾ, ಮೇಡಮ್ಮೋರು ಇದುಕ್ಕೊಂದು ಸೈನು ಆಕುಸ್ಕಂಡು ಬಾ ಅಂದ್ರು.”

ಕಾರಣ ಕೇಳಿ ನೋಟಿಸು. ಸತತವಾಗಿ ತಡವಾಗಿ ಹಾಜರಾಗುತ್ತಿರುವ ಬಗ್ಗೆ ಮೂರು ದಿನದೊಳಗೆ ಲಿಖಿತ ಸಮಜಾಯಿಷಿ ನೀಡತಕ್ಕದ್ದು.

“ಏನ್ ಸಾ ಅದು, ಟ್ರೈನಿಂಗಾ?”

“ಹೂಂ ಕಣಮ್ಮ,” ಎಂದು ಬಸವೇಶ್ ಸಹಿ ಹಾಕಿದ. ತನ್ನ ಸಹಿ ತನಗೇ ಬೇರೆಯವರದ್ದೆಂಬಂತೆ ಕಂಡಿತು.

ಸಂಜೆ ನೋಟಿಸು ಕೊಟ್ಟವಳೂ ತೆಗೆದುಕೊಂಡವನೂ ಅದೇ ಸ್ಕೂಟರಿನಲ್ಲಿ ಮನೆಗೆ ಹೊರಟರು. ಇಬ್ಬರ ನಡುವೆ ಊಟದ ಬ್ಯಾಗು ಇತ್ತು. ದಾರಿಯುದ್ದಕ್ಕೂ ಡಬ್ಬಿ ಲಟಲಟ ಎನ್ನುತ್ತಿತ್ತು.

ಮನೆಯಲ್ಲಿ ಅವನು ತನ್ನ ಆಡಳಿತ ಶುರುಮಾಡಿದ. ಸಾರಿಗೆ ಉಪ್ಪು ಹೆಚ್ಚು, ಕಾಫಿ ತಡ, ಇಸ್ತ್ರಿ ಸರಿಯಿಲ್ಲ. ಹೀಗೆ ಎರಡು ವಾರ. ಪಿಯುಸಿ ಓದುವ ಮಗಳು ರಕ್ಷಾ ಒಂದು ದಿನ ತಟ್ಟೆ ಮುಂದೆ ಕೂತು, “ಅಪ್ಪಾ, ಬಾಯಲ್ಲಿ ಹೇಳಿದ್ರೆ ಅಮ್ಮ ಕೇಳಲ್ಲ. ಬರೆದು ಕೊಡು. ಒಂದು ಕಾಪಿ ನಂಗೆ,” ಎಂದಳು. ಭುವನಾ ನಗಲಿಲ್ಲ. ತಟ್ಟೆ ಎತ್ತಿಕೊಂಡು ಒಳಗೆ ಹೋದಳು. ಅವಳು ನಗದೆ ಎಷ್ಟು ದಿನವಾಯಿತೆಂದು ಬಸವೇಶನಿಗೆ ಆಗ ಒಂದು ಗಳಿಗೆ ಅನ್ನಿಸಿತು. ಆದರೆ ಕೇಳಿದರೆ ಸೋತಂತಾಗುತ್ತದಲ್ಲ.

ಅಷ್ಟರಲ್ಲಿ, ಶಿಕ್ಷಕರ ಮೇಲೆ ಒತ್ತಡ ಹೆಚ್ಚಾಗಿದೆ ಎಂದು ಮೇಲಿನವರಿಗೆ ಗೊತ್ತಾಗಿ, ಎಲ್ಲ ಶಾಲೆಯಲ್ಲೂ ಒತ್ತಡ ನಿರ್ವಹಣೆಯ ತರಬೇತಿ ಕಡ್ಡಾಯವಾಯಿತು. ಸುತ್ತಲಿನ ಶಾಲೆಗಳನ್ನು ನೋಡಿಕೊಳ್ಳುವ ಸಿ.ಆರ್.ಪಿ. ಅಂಜನ್ ಕುಮಾರ್ ಬಂದ. ಹದಿನೆಂಟು ಶಾಲೆಯನ್ನು ಆರು ದಿನದಲ್ಲಿ ಮುಗಿಸಬೇಕಾಗಿದ್ದ ಅವನ ಕಣ್ಣು ಕೆಂಪಗಿತ್ತು. ಭುವನಾ ಎರಡು ಮಾತಾಡಿ, ಅರ್ಜೆಂಟಾಗಿ ಮಾಹಿತಿ ಕಳಿಸಬೇಕು ಎಂದು ಆಫೀಸಿಗೆ ಹೋದಳು.

“ನಿಮಗೆ ಯಾರ ಮೇಲೆ ಸಿಟ್ಟಿದೆಯೋ ಅವರಿಗೊಂದು ಪತ್ರ ಬರೀರಿ,” ಎಂದ ಅಂಜನ್ ಕುಮಾರ್. “ಮನಸ್ಸಲ್ಲಿರೋದೆಲ್ಲ ಬರೀರಿ. ಆಮೇಲೆ ಹರಿದು ಹಾಕಿ. ಸಿಟ್ಟು ಹೋಗತ್ತೆ. ಹತ್ತು ನಿಮಿಷ. ಬೇಗ.”

ಬಸವೇಶನಿಗೆ ಪತ್ರವೆಂದರೆ ಒಂದೇ ಬಗೆ ಗೊತ್ತು. ‘ಮಾನ್ಯ ಮುಖ್ಯ ಶಿಕ್ಷಕಿಯವರಿಗೆ’ ಎಂದು ಶುರುಮಾಡಿ, ‘ವಿಷಯ: ಮನೆಯಲ್ಲಿ ಮಾತನಾಡದಿರುವ ಕುರಿತು’ ಎಂದು ಬರೆದು ಕೆಳಗೆ ಗೆರೆ ಎಳೆದ. ಮೊದಲ ಪ್ಯಾರಾ ನೋಟಿಸಿನ ಬಗ್ಗೆ. ಎರಡನೆಯದರಲ್ಲಿ ಅವನಿಗೇ ತಿಳಿಯದಂತೆ ಪೆನ್ನು ಬೇರೆ ಕಡೆ ಹೋಯಿತು. ‘ಪರೀಕ್ಷೆಯಲ್ಲಿ ತಾವು ನನಗಿಂತ ಮುಂದೆ ಹೋದಾಗ ನನಗೆ ಸಂತೋಷವಾಯಿತು ಎಂದು ಹೇಳಿದ್ದೆನು. ಅದು ಮುಕ್ಕಾಲು ಪಾಲು ಮಾತ್ರ ನಿಜವಾಗಿರುತ್ತದೆ. ಉಳಿದ ಕಾಲು ಪಾಲು ಇಷ್ಟು ವರ್ಷವಾದರೂ ನನ್ನ ಬಳಿಯೇ ಇರುತ್ತದೆ ಎಂಬುದನ್ನು ತಮ್ಮ ಅವಗಾಹನೆಗೆ ತರಬಯಸುತ್ತೇನೆ.’

ಓದಿಕೊಂಡ. ಎದೆ ಹಗುರಾಯಿತು. ಇನ್ನೇನು ಹರಿಯಬೇಕು, ಅಷ್ಟರಲ್ಲಿ ಅಂಜನ್ ಕುಮಾರ್ ಗಡಿಬಿಡಿಯಲ್ಲಿ ಅಭಿಪ್ರಾಯದ ಫಾರಂ ಹಂಚಿ, ತುಂಬಿಸಿ, ಬೆಂಚಿನ ಮೇಲಿನ ಹಾಳೆಯನ್ನೆಲ್ಲ ಒಟ್ಟಿಗೆ ಬಾಚಿಕೊಂಡು ಆಫೀಸಿನಲ್ಲಿಟ್ಟು ಹೊರಟೇಹೋದ. ಊಟದ ಬೆಲ್ಲು ಹೊಡೆದಾಗ ಬಸವೇಶ್ ಜೇಬು ಮುಟ್ಟಿಕೊಂಡ. ಪುಸ್ತಕ ಒದರಿದ. ಪತ್ರವಿಲ್ಲ. ಫಾರಮ್ಮುಗಳು ಮುಖ್ಯ ಶಿಕ್ಷಕರ ಸಹಿಗೆ ಹೋಗಿದ್ದವು.

ಓಡಿದ. ಆಫೀಸಿನಲ್ಲಿ ಕುರ್ಚಿ ಖಾಲಿ. ಅಡುಗೆ ಮನೆಯ ಮುಂದೆ ಸರೋಜಮ್ಮ ಸೌಟು ಹಿಡಿದು ನಿಂತಿದ್ದಳು.

“ಮೇಡಂ ಎಲ್ಲಿ?” ಎಂದ. ಆ ಮಾತು ಬಾಯಿಂದ ಬಂದದ್ದು ಅವನಿಗೆ ಗೊತ್ತೇ ಆಗಲಿಲ್ಲ.

“ಅಕ್ಕಿ ರೂಮ್ನಾಗವ್ರೆ. ಈಗ ಓಗ್ಬ್ಯಾಡಿ ಸಾ.” ಸರೋಜಮ್ಮ ದನಿ ತಗ್ಗಿಸಿದಳು. “ದಿನಾ ಇಷ್ಟೊತ್ಗೆ ಐದ್ ನಿಮ್ಷ ಅಲ್ಲೇ ಕುಂತ್ಕತಾರೆ. ಅಕ್ಕಿ ನೋಡ್ತೀನಿ ಅಂತಾರೆ. ಅಕ್ಕಿ ಏನ್ ನೋಡ್ತಾರೋ, ಬರೋವಾಗ ಕಣ್ಣು ಒರುಸ್ಕಂಡು ಬತ್ತಾರೆ. ಮನೇಲಿ ಏನಾರ ತೊಂದ್ರೆನಾ ಸಾ? ಯಜಮಾನ್ರು ಚೆನ್ನಾಗ್ ನೋಡ್ಕಳಲ್ವಾ?” ಎಂದವಳು ಯಜಮಾನ್ರು ಯಾರೆಂದು ನೆನಪಾಗಿ ನಾಲಿಗೆ ಕಚ್ಚಿಕೊಂಡು ಸಾಂಬಾರಿನ ಕಡೆ ತಿರುಗಿದಳು.

ಬಸವೇಶ್ ಅಕ್ಕಿ ರೂಮಿನ ಮುಚ್ಚಿದ ಬಾಗಿಲ ತನಕ ಹೋದ. ಅಷ್ಟು ದಿನ ಸಿಟ್ಟು ಮಾಡಿಕೊಳ್ಳುವ ಹಕ್ಕು ತನಗೊಬ್ಬನಿಗೇ ಇದೆ ಎಂದುಕೊಂಡಿದ್ದ. ಬಾಗಿಲು ತಟ್ಟದೆ ತರಗತಿಗೆ ಹೋದ.

ಸಂಜೆ ಊರು ದಾಟಿ ಎರಡು ಕಿಲೋಮೀಟರು ಬಂದಿರಬಹುದು. ಹಿಂದಿನಿಂದ ಭುವನಾ, “ಗಾಡಿ ನಿಲ್ಸ್ರೀ,” ಎಂದಳು. ರಸ್ತೆ ಪಕ್ಕದ ಹುಣಸೆಮರದ ಕೆಳಗೆ ನಿಲ್ಲಿಸಿದ. ಅವಳು ಬ್ಯಾಗಿನಿಂದ ಪತ್ರ ತೆಗೆದಳು. ಅದರ ಮೇಲೆ ಮೂರು ಕಡೆ ಕೆಂಪು ಇಂಕಿನ ಗುಂಡು ಗುರುತಿತ್ತು.

“ಕನ್ನಡ ಮೇಷ್ಟ್ರು ಬರೆದಿರೋದು. ಮೂರು ತಪ್ಪು.”

“ಅವಸರದಲ್ಲಿ ಬರೆದೆ.”

“ಕಾಲು ಪಾಲಿನ ವಿಷಯ ನಂಗೆ ಅವತ್ತೇ ಗೊತ್ತಿತ್ತು ಬಿಡಿ. ರಿಸಲ್ಟು ಬಂದ ದಿನ ನೀವು ತಂದ ಮೈಸೂರು ಪಾಕನ್ನ ನೀವೇ ತಿನ್ನಲಿಲ್ಲ.” ಅವಳು ಪತ್ರ ಮಡಿಸಿದಳು. “ನಾನೇನು ಈ ಕುರ್ಚಿ ಬೇಕು ಅಂತ ಅರ್ಜಿ ಹಾಕಿದ್ನಾ? ಅಲ್ಲಿ ನೀವು ಬಾಗಿಲಲ್ಲಿ ಕೆಮ್ಮುತೀರಾ. ಇಲ್ಲಿ ಉಪ್ಪು ಜಾಸ್ತಿ ಅಂತೀರಾ. ಎರಡು ಕಡೆನೂ ಒಬ್ಬರೇ ಇದ್ರೆ ನಾನು ಯಾರ ಹತ್ರ ಹೇಳ್ಕೊಳ್ಳಲಿ? ಬೇರೆ ಟೀಚರುಗಳ ಗಂಡಂದಿರು ಬೇರೆ ಕಡೆ ಇರ್ತಾರೆ. ಮನೆಗೆ ಹೋಗಿ ಗಂಡನ ಹತ್ರ ಹೆಡ್ ಮಾಸ್ಟರನ್ನ ಬೈಕೊಂಡಾದ್ರೂ ಹಗುರ ಆಗ್ತಾರೆ.”

“ನಂದೂ ಅದೇ ಕಥೆ ನೋಡು. ಹೆಡ್ ಮೇಡಂನ ಬೈಯೋಕೆ ಹೆಂಡ್ತಿ ಹತ್ರ ಬಂದ್ರೆ...”

ಭುವನಾಳಿಗೆ ಮೊದಲು ಮೂಗಿನಲ್ಲಿ ನಗು ಬಂತು. ಆಮೇಲೆ ತಡೆಯಲಾಗಲಿಲ್ಲ. ಶಿರಾ ಕಡೆಗೆ ಹೋಗುತ್ತಿದ್ದ ಬಸ್ಸಿನವರು ಕಿಟಕಿಯಲ್ಲಿ ಬಗ್ಗಿ, ಮರದ ಕೆಳಗೆ ನಡುವಯಸ್ಸಿನ ಇಬ್ಬರು ಕಣ್ಣೀರು ಬರುವಂತೆ ನಗುವುದನ್ನು ನೋಡಿಕೊಂಡು ಹೋದರು.

ಆ ವರ್ಷದ ವರ್ಗಾವಣೆಗೆ ಬಸವೇಶ್ ಅರ್ಜಿ ಹಾಕಿದ. ಕಚೇರಿಯ ಗುಮಾಸ್ತ ಅರ್ಜಿಯನ್ನೊಮ್ಮೆ, ಅವನನ್ನೊಮ್ಮೆ ನೋಡಿದ. “ಮಿಡಿಗೇಶಿ ಕಡೇನಾ? ಅಲ್ಲ ಸಾರ್, ಮೇಡಂ ಇಲ್ಲಿ ಇರ್ತಾರಲ್ಲ.”

“ಅದಕ್ಕೇ.”

ಗುಮಾಸ್ತ ದನಿ ತಗ್ಗಿಸಿ, “ಮನೇಲಿ ಎಲ್ಲಾ ಸರಿಯಿದೆ ತಾನೆ?” ಎಂದ. ಸರಿ ಇದೆಯೆಂದು ಎಷ್ಟು ಹೇಳಿದರೂ ನಂಬಲಿಲ್ಲ. ವಾರದೊಳಗೆ ಅವರಿಬ್ಬರು ಬೇರೆಯಾಗುತ್ತಿದ್ದಾರೆಂದು ತಾಲ್ಲೂಕಿನ ಅರ್ಧ ಶಿಕ್ಷಕರಿಗೆ ತಿಳಿಯಿತು. ಭುವನಾಳ ತಾಯಿಗೂ ಸುದ್ದಿ ಮುಟ್ಟಿ, ಆಕೆ ಬಂದು ಎರಡು ದಿನ ಅಳಿಯನ ಮುಖವನ್ನೇ ನೋಡುತ್ತ ಕೂತು, ಕೊನೆಗೆ ಏನೂ ಸಿಗದೆ ಹೋದರು.

ಈಗ ಅವನು ಮಿಡಿಗೇಶಿ ಬಸ್ಸು ಹಿಡಿಯುತ್ತಾನೆ, ಅವಳೇ ಸ್ಕೂಟರು ಓಡಿಸುತ್ತಾಳೆ. ಹೊಸ ಶಾಲೆಯ ಹೆಡ್ ಮಾಸ್ಟರು ಅವನಿಗಿಂತ ಹನ್ನೆರಡು ವರ್ಷ ಚಿಕ್ಕವನು. ಸಂಜೆ ಮನೆಗೆ ಬಂದು ಬಸವೇಶ್ ಅವನನ್ನು ಬೈಯುತ್ತಾನೆ, ಭುವನಾ ತನ್ನ ಶಿಕ್ಷಕರನ್ನು ಬೈಯುತ್ತಾಳೆ. ಒಮ್ಮೊಮ್ಮೆ ಅವಳು ಆ ಹುಡುಗ ಹೆಡ್ ಮಾಸ್ಟರನ ಪರ ವಹಿಸಿದರೆ ಜಗಳವೂ ಆಗುತ್ತದೆ. ಪೂರ್ತಿ ಸುಧಾರಿಸಿಬಿಟ್ಟರು ಎನ್ನುವಂತೇನೂ ಇಲ್ಲ. ಇಸ್ತ್ರಿಯ ವಿಷಯದಲ್ಲಿ ಅವನು ಈಗಲೂ ಗೊಣಗುತ್ತಾನೆ. ಇಸ್ತ್ರಿಪೆಟ್ಟಿಗೆ ಅವನ ಕೈಗೇ ಬಂದಿದೆ, ಅಷ್ಟೆ.

ಮೊನ್ನೆ ಶುಕ್ರವಾರ ರಜೆಯಿತ್ತೆಂದು ಗೊರವನಹಳ್ಳಿ ದೇವಸ್ಥಾನಕ್ಕೆ ಹೋಗಿದ್ದರು. ಬಸ್ಸಿನಲ್ಲಿ ಪಕ್ಕ ಕೂತಿದ್ದ ಹೆಂಗಸು ಮಾತಿಗೆ ಮಾತು ಬೆಳೆಸಿ, “ಇಬ್ರೂ ಮೇಷ್ಟ್ರಾ? ಒಂದೇ ಇಸ್ಕೂಲಾ?” ಎಂದು ಕೇಳಿದಳು.

“ಇಲ್ಲ!” ಎಂದರು ಇಬ್ಬರೂ, ಒಟ್ಟಿಗೆ.

“ಅಯ್ಯೋ ಪಾಪ. ಒಂದೇ ಕಡೆ ಆಕುಸ್ಕಳಕ್ಕಾಗಲ್ವಾ? ನಮ್ಮೂರೋನೊಬ್ಬ ಆಪೀಸ್ನಾಗವ್ನೆ, ಏಳಿ ನೋಡ್ಲಾ?”

ಭುವನಾ ಆ ಹೆಂಗಸಿನ ಕೈ ಹಿಡಿದುಕೊಂಡೇಬಿಟ್ಟಳು. “ಬ್ಯಾಡ ಕಣಮ್ಮ. ದಯವಿಟ್ಟು ಬ್ಯಾಡ. ಹಿಂಗೇ ಚೆನ್ನಾಗೈತೆ.”