ಯಾವೂರು ಎಂದು ಕೇಳದ ದಿನ

ಮನೆಗಳಿಗೆ ಬೆಲೆ ಕಟ್ಟುವುದು ನನ್ನ ಕಸುಬಾಗಿತ್ತು. ಎಪ್ಪತ್ತರ ದಶಕದಲ್ಲಿ ದೊಡ್ಡಬಳ್ಳಾಪುರದ ಕಡೆ ಮನೆ ರಿಪೇರಿಗೆ ಸಾಲ ಬೇಕಾದವರು ನಮ್ಮ ಸಹಕಾರ ಸಂಘಕ್ಕೆ ಅರ್ಜಿ ಹಾಕುತ್ತಿದ್ದರು. ನಾನು ಸೈಕಲ್ಲಿನಲ್ಲಿ ಹೋಗಿ, ಕಂಬಗಳ ನಡುವಿನ ಅಂಕಣ ಎಣಿಸಿ, ತೊಲೆಗೆ ಗೆದ್ದಲು ಹಿಡಿದಿದೆಯೇ ಎಂದು ಕೊಡೆಯ ತುದಿಯಿಂದ ಕುಟ್ಟಿ ನೋಡಿ, ಒಂದೇ ಹಾಳೆಯಲ್ಲಿ ವರದಿ ಬರೆದುಕೊಡುತ್ತಿದ್ದೆ. ಕೊನೆಗೊಂದು ಸಾಲು ಇದ್ದೇ ಇರುತ್ತಿತ್ತು: ‘ಈ ಮನೆಯವರನ್ನು ನಾನು ಚಿಕ್ಕಂದಿನಿಂದ ಬಲ್ಲೆ.’ ಆ ಸಾಲಿಲ್ಲದ ವರದಿಯನ್ನು ಕಾರ್ಯದರ್ಶಿಗಳು ಅನುಮಾನದಿಂದ ಹಿಂದೆ ಮುಂದೆ ತಿರುಗಿಸಿ ನೋಡುತ್ತಿದ್ದರು.

ಒಂದು ವರ್ಷ ಬೆಂಗಳೂರಿನ ಮುಖ್ಯ ಕಚೇರಿಯಿಂದ ಹೊಸ ನಮೂನೆ ಬಂತು. ಅಚ್ಚು ಹಾಕಿದ ನಾಲ್ಕು ಪುಟ. ಅಂಕಣ ಬೇಡ, ಚದರಡಿ ಬೇಕು. ಮಲಗುವ ಕೋಣೆಗಳೆಷ್ಟು ಎಂದು ಬೇರೆ ಕೇಳಿದ್ದರು. ನಮ್ಮ ಜನ ಬೇಸಿಗೆಯಲ್ಲಿ ಜಗಲಿಯ ಮೇಲೆ, ಚಳಿಗಾಲದಲ್ಲಿ ಒಲೆಯ ಪಕ್ಕ ಮಲಗುವವರು. ನಾನು ಕಾಲಕ್ಕೆ ತಕ್ಕಂತೆ ಬರೆದೆ. ಇದನ್ನೆಲ್ಲ ಹೇಗೋ ನಿಭಾಯಿಸಬಹುದಿತ್ತು. ತಲೆ ಕೆಟ್ಟದ್ದು ಕೊನೆಯ ಪುಟ ನೋಡಿ: ‘ಮಾಲೀಕರಿಗೂ ನನಗೂ ಯಾವುದೇ ನೆಂಟಸ್ತಿಕೆ ಇರುವುದಿಲ್ಲ.’ ಅದರ ಕೆಳಗೆ ನನ್ನ ರುಜು ಬೀಳಬೇಕು.

ನೆಂಟಸ್ತಿಕೆ ಇಲ್ಲದ ಮನೆಯನ್ನು ನಮ್ಮ ತಾಲ್ಲೂಕಿನಲ್ಲಿ ನಾನು ಎಲ್ಲಿಂದ ತರಲಿ? ಮೊದಲ ವರದಿಯಲ್ಲಿ ಪ್ರಾಮಾಣಿಕನಾಗಿ ‘ನನ್ನ ಅಕ್ಕನ ಗಂಡನ ಚಿಕ್ಕಪ್ಪನ ಬೀಗರು’ ಎಂದು ಬರೆದೆ. ವಾಪಸ್ಸು ಬಂತು. ಹೀಗೆ ಏಳೆಂಟು ವರದಿಗಳು ಹೋದ ಬಸ್ಸಿನಲ್ಲೇ ಬಂದ ಮೇಲೆ, ಹೊಸಕೋಟೆ ತಾಲ್ಲೂಕಿನ ಸೂಲಿಬೆಲೆಯಲ್ಲಿ ಇದೇ ಕೆಲಸ ಮಾಡುತ್ತಿದ್ದ ಯುವಕನೊಬ್ಬನನ್ನು ನಮ್ಮ ಕಡೆಗೂ, ನನ್ನನ್ನು ಅವನ ಕಡೆಗೂ ಕಳಿಸುವುದೆಂದಾಯಿತು.

ಅವನ ಪಾಲಿಗೆ ಮೊದಲು ಬಂದದ್ದು ನನ್ನ ಅತ್ತೆಯ ಮನೆ. ದೊಡ್ಡಬೆಳವಂಗಲದ ಹತ್ತಿರ. ಮಾವ ತೀರಿಕೊಂಡಿದ್ದರು. ಹಿಂದಿನ ಮಳೆಗೆ ಹಿತ್ತಲ ಗೋಡೆ ಕುಸಿದು, ಅತ್ತೆ ಅಲ್ಲಿಗೆ ತಡಿಕೆ ಕಟ್ಟಿಕೊಂಡು ದಿನ ನೂಕುತ್ತಿದ್ದರು. ಮುಂದಿನ ಮಳೆಯೊಳಗೆ ಗೋಡೆ ಏಳದಿದ್ದರೆ ಅಡುಗೆಮನೆಯ ಸೂರೂ ಕೂರುವುದು ಖಂಡಿತ. ಸಾಲ ಸಿಗಲೇಬೇಕಿತ್ತು.

ನನಗೆ ಹೆದರಿಕೆ ಗೋಡೆಯದಲ್ಲ, ಅತ್ತೆಯ ಬಾಯಿಯದು. ಯಾರೇ ಸಿಕ್ಕಲಿ, ಯಾವೂರು, ಯಾರ ಮಗ, ತಾಯಿಯ ತವರು ಯಾವುದು ಎಂದು ಮೂರೇ ಪ್ರಶ್ನೆಯಲ್ಲಿ ಅವರನ್ನು ನೆಂಟರ ಪಟ್ಟಿಗೆ ಸೇರಿಸಿಬಿಡುತ್ತಿದ್ದರು. ಒಮ್ಮೆ ಘಾಟಿ ಜಾತ್ರೆಗೆ ಹೋಗುವ ಬಸ್ಸಿನಲ್ಲಿ, ಟಿಕೆಟ್ ಹರಿಯುವಷ್ಟರಲ್ಲಿ ಕಂಡಕ್ಟರ್ ಅವರಿಗೆ ಸೋದರಳಿಯನಾಗಿದ್ದ.

ಹಿಂದಿನ ಸಂಜೆಯೇ ಹೋಗಿ ಬೇಡಿಕೊಂಡೆ. “ಅತ್ತೆ, ನಾಳೆ ಬರೋರನ್ನ ಏನೂ ಕೇಳ್ಬೇಡಿ. ನೆಂಟ್ರು ಅಂತ ಗೊತ್ತಾಗ್ಬಿಟ್ರೆ ಅವರು ರುಜು ಹಾಕಂಗಿಲ್ಲ, ಗೋಡೆ ಏಳಲ್ಲ.”

“ಮನೆಗ್ ಬಂದೋರ್ನ ಯಾವೂರು ಅಂತ್ಲೂ ಕೇಳ್ಬಾರ್ದಾ ಅಳಿಯಂದ್ರೇ? ಕಳ್ಳ ಬಂದ್ರೂ ಕೇಳ್ತೀನಲ್ಲ!”

ಮರುದಿನ ನಾನು ಎದುರು ಮನೆಯ ಜಗಲಿಯಲ್ಲಿ ಕಳ್ಳನ ಹಾಗೆ ಕೂತು ನೋಡಿದೆ. ಯುವಕ ಬಂದ. ಅತ್ತೆ ಚೊಂಬಿನಲ್ಲಿ ನೀರು, ತಟ್ಟೆಯಲ್ಲಿ ಬೆಲ್ಲ ತಂದು ಅವನ ಮುಂದಿಟ್ಟು, ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡು ನಿಂತರು. ಅವನು ಟೇಪು ಹಿಡಿದು ಒಳಗೆಲ್ಲ ಓಡಾಡಿದ. ಹೊರಡುವಾಗ “ಅವ್ವಾ, ನಿಮ್ಮ ತವರು...” ಎಂದು ಶುರು ಮಾಡಿ ಥಟ್ಟನೆ ಬಾಯಿ ಮುಚ್ಚಿಕೊಂಡ. ಅವನಿಗೂ ಅತ್ತೆಯದೇ ಕಾಯಿಲೆ ಎಂದುಕೊಂಡೆ. ಊಟದ ಹೊತ್ತಾಗಿತ್ತು. ಅತ್ತೆ ಕರೆಯಲಿಲ್ಲ, ಅವನು ನಿಲ್ಲಲಿಲ್ಲ.

ಅವನು ಹೋದ ಮೇಲೆ ಅತ್ತೆ ಹೊಸ್ತಿಲ ಮೇಲೆ ಕುಸಿದು ಕೂತು ಅತ್ತುಬಿಟ್ಟರು. “ಉಣ್ಣೋ ಹೊತ್ನಾಗೆ ಬಂದೋನ್ನ ಹಂಗೇ ಕಳಿಸ್ಬಿಟ್ನಲ್ಲಾ. ನಂಗ್ ಗೋಡೆ ಬ್ಯಾಡ, ಏನೂ ಬ್ಯಾಡ.” ಅಷ್ಟು ದಿನ ಅವರನ್ನು ಗೇಲಿ ಮಾಡಿದ್ದಕ್ಕೆ ನನಗೆ ನಾಚಿಕೆಯಾಯಿತು.

ಸಾಲ ಬಂತು. ಮಳೆಗೆ ಮುಂಚೆ ಗೋಡೆಯೂ ಎದ್ದಿತು. ಒಂದು ಭಾನುವಾರ ನಾನು ಅಲ್ಲೇ ಇದ್ದಾಗ, ಆ ಯುವಕ ಒಂದು ಚಿಪ್ಪು ಬಾಳೆಹಣ್ಣು ಹಿಡಿದು ಬಾಗಿಲಲ್ಲಿ ನಿಂತ.

“ಕಾಗದದ ಕೆಲ್ಸ ಎಲ್ಲಾ ಮುಗೀತು ಕಣವ್ವಾ. ಈಗ ಕೇಳಿ.”

ಅತ್ತೆ ಒಲೆಯ ಮೇಲೆ ಎಸರಿಟ್ಟು ಬಂದು ಕೇಳತೊಡಗಿದರು. ಊರು, ಅಪ್ಪ, ತಾಯಿಯ ತವರು, ಅಜ್ಜಿಯ ತವರು, ಅತ್ತಿಗೆಯ ತವರು. ಎಸರು ಕುದಿಯಿತು, ಮುದ್ದೆ ತೊಳಸಿದ್ದಾಯಿತು, ತಟ್ಟೆಗೂ ಬಿತ್ತು, ನೆಂಟಸ್ತಿಕೆಯ ಎಳೆ ಸಿಗಲಿಲ್ಲ. ಸುತ್ತಲ ನಾಲ್ಕು ತಾಲ್ಲೂಕಿನಲ್ಲಿ ಅತ್ತೆಗೆ ನೆಂಟನಾಗದ ಒಬ್ಬನೇ ಮನುಷ್ಯ, ನಾವು ಅಷ್ಟು ಹೆದರಿ ಬಾಯಿ ಕಟ್ಟಿಕೊಂಡಿದ್ದುದು ಅವನ ಮುಂದೆಯೇ! ನನಗೆ ನಗು ತಡೆಯಲಾಗಲಿಲ್ಲ. ಅತ್ತೆಯ ಮುಖ ಮಾತ್ರ ಬಾಡಿಹೋಗಿತ್ತು.

ಆಮೇಲೆ ಅವರು ಸಾರಿನ ಸೌಟು ಎತ್ತಿಕೊಂಡು ಹೇಳಿದರು: “ಇಲ್ದಿದ್ರೆ ಏನಂತೆ? ಇವತ್ತಿಂದ ಮೊಮ್ಮಗ ಅಂದ್ಕೊಂಡೆ. ಉಣ್ಣಪ್ಪಾ.”

ಅವನು ಮುದ್ದೆಯ ಮೇಲಿನ ಕೈ ಹಾಗೇ ನಿಲ್ಲಿಸಿ, ಹೊಸ ಗೋಡೆಯನ್ನೂ ಅತ್ತೆಯನ್ನೂ ನೋಡಿದ.

“ಹಂಗಾದ್ರೆ ಇನ್ಮೇಲೆ ಈ ಮನೆಗೆ ನಾನೂ ಬೆಲೆ ಕಟ್ಟಂಗಿಲ್ಲ ಬಿಡವ್ವಾ.”

ಅತ್ತೆ ಅವನ ತಟ್ಟೆಗೆ ಇನ್ನೊಂದು ಮುದ್ದೆ ಇಟ್ಟರು.