ಚಾಡಿಕೋರನ ಮುಖ

ಆಂಬ್ರೋಸ್ ಪ್ರೂಯಿಟ್‌ಗೆ ದೇವರು ಕೊಟ್ಟ ಮುಖವೇ ಅಂಥದ್ದು: ಮೊನಚು ಗದ್ದ, ಒಂದೆಡೆ ನಿಲ್ಲದ ಕಣ್ಣು, ಏನನ್ನೋ ಮುಚ್ಚಿಟ್ಟಂತಿರುವ ತುಟಿ. ಹಾಲಿವುಡ್ಡಿಗೆ ಬಂದ ಹೊಸತರಲ್ಲೇ ಗೆಳೆಯನನ್ನು ಪೊಲೀಸರಿಗೆ ಹಿಡಿದುಕೊಡುವ ಪಾತ್ರ ಸಿಕ್ಕಿತು. ಅಲ್ಲಿಂದ ಇಪ್ಪತ್ತು ವರ್ಷ ಅದೇ ಪಾಡು. ಕೌಬಾಯ್ ಚಿತ್ರವಾದರೆ ದರೋಡೆಕೋರರಿಗೆ ಸುದ್ದಿ ಮುಟ್ಟಿಸುವವನು, ಯುದ್ಧದ ಚಿತ್ರವಾದರೆ ಶತ್ರುವಿನ ಗೂಢಚಾರ. ಅವನ ಹೆಸರು ಯಾರಿಗೂ ಗೊತ್ತಿರಲಿಲ್ಲ. ಮುಖ ಇಡೀ ದೇಶಕ್ಕೆ ಗೊತ್ತಿತ್ತು. ಬೀದಿಯಲ್ಲಿ ಯಾರಾದರೂ ಬೈದರೆ ಹೆಂಡತಿ ಡೆಲ್ಲಾ ನಗುತ್ತಿದ್ದಳು. "ಬೈಸ್ಕೊಂಡೆ ಅಂದ್ರೆ ಚೆನ್ನಾಗ್ ಮಾಡಿದೀಯ ಅಂತ ಕಣೋ!"

ಆಮೇಲೆ ಕಮ್ಯುನಿಸ್ಟರನ್ನು ಹುಡುಕುವ ಸಮಿತಿ ವಾಷಿಂಗ್ಟನ್ನಿನಿಂದ ಬಂತು. ಮುಚ್ಚಿದ ಬಾಗಿಲ ಹಿಂದೆ ಯಾರೋ ನೇಥನ್ ಗೆಲರ್‌ನ ಹೆಸರು ಹೇಳಿದರು, ಅವನೂ ಕಮ್ಯುನಿಸ್ಟ್ ಎಂದು. ನೇಥನ್ ಚಿತ್ರಕಥೆ ಬರೆಯುವವನು. ಭಾನುವಾರಗಳಲ್ಲಿ ಆಂಬ್ರೋಸನ ಮನೆಗೆ ಇಸ್ಪೀಟಿಗೆ ಬರುತ್ತಿದ್ದ ಆಪ್ತ. ಅವನ ಕೆಲಸ ಹೋಯಿತು.

ಡೆಲ್ಲಾ ಮಾಡಿಕೊಟ್ಟ ಆಪಲ್ ಪೈ ಹಿಡಿದು ಆಂಬ್ರೋಸ್ ಅವನ ಮನೆಗೆ ಹೋದ. ಬಾಗಿಲು ಅರ್ಧವೇ ತೆರೆಯಿತು.

"ಯಾವ ಮುಖ ಇಟ್ಕೊಂಡ್ ಬಂದ್ಯೋ?" ಎಂದ ನೇಥನ್.

"ನಾನಲ್ಲ ಕಣೋ. ನನ್ನನ್ನ ಅವ್ರು ಕರೆದೇ ಇಲ್ಲ."

"ಈ ಡೈಲಾಗ್ ಎಷ್ಟು ಸಿನಿಮಾದಲ್ಲಿ ಹೊಡೆದಿದೀಯ! ಅರ್ಧ ನಾನೇ ಬರ್ಕೊಟ್ಟಿದ್ದು."

ಬಾಗಿಲು ಮುಚ್ಚಿತು. ಹೆಸರು ಹೇಳಿದವನು ಆಂಬ್ರೋಸನೇ ಎಂದು ಸುದ್ದಿ ಹಬ್ಬಿತು. ಇಸ್ಪೀಟಿಗೆ ಬರುತ್ತಿದ್ದವರು ಬರುವುದನ್ನು ನಿಲ್ಲಿಸಿದರು. ಚರ್ಚಿನಲ್ಲಿ ಡೆಲ್ಲಾಳ ಪಕ್ಕ ಯಾರೂ ಕೂರಲಿಲ್ಲ. ಸ್ಟುಡಿಯೋದವರಿಗೆ ಮಾತ್ರ ಅವನ ಮೇಲೆ ಪ್ರೀತಿ ಹೆಚ್ಚಿತು. ಪಾತ್ರಗಳು ಒಂದರ ಮೇಲೊಂದು ಬಂದವು, ಎಲ್ಲವೂ ಚಾಡಿಕೋರನವೇ.

ಎಷ್ಟೋ ವರ್ಷಗಳ ಮೇಲೆ ನಿಜ ಹೊರಬಿತ್ತು. ಹೆಸರು ಹೇಳಿದ್ದು ಮಕ್ಕಳೆಲ್ಲ ಆರಾಧಿಸುತ್ತಿದ್ದ ನಾಯಕನಟ ವೇಡ್ ಕಾಲ್ಡರ್. "ಸಂಸಾರಕ್ಕೋಸ್ಕರ ಹೇಳ್ಬೇಕಾಯ್ತು" ಎಂದು ಅವನೇ ಪತ್ರಿಕೆಯವರ ಮುಂದೆ ಕಣ್ಣೀರಿಟ್ಟ. ದೇಶ ಮರುಗಿತು. ನೇಥನ್‌ಗೂ ಮತ್ತೆ ಕೆಲಸ ಸಿಕ್ಕಿತು; ಕಾಲ್ಡರನ ಚಿತ್ರಕ್ಕೇ ಬರೆಯುವ ಕೆಲಸ.

ಒಂದು ಮಧ್ಯಾಹ್ನ ಸ್ಟುಡಿಯೋ ಕ್ಯಾಂಟೀನಿನಲ್ಲಿ ನೇಥನ್ ಆಂಬ್ರೋಸನ ಮೇಜಿನ ಬಳಿ ಬಂದು ನಿಂತ.

"ತಪ್ಪು ತಿಳ್ಕೊಂಡ್‌ಬಿಟ್ಟೆ. ಆದ್ರೆ ನೀನೇ ಹೇಳು, ನಿನ್ನ ನೋಡಿದ್ರೆ ಯಾರಿಗಾದ್ರೂ ಅನುಮಾನ ಬರಲ್ವಾ?" ನಗುತ್ತ ಕೈ ಚಾಚಿದ.

"ಕಾಲ್ಡರ್ ಕೈನೂ ಕುಲುಕಿದ್ಯಾ?"

"ಕುಲುಕ್ದೆ. ಹೊಟ್ಟೆಪಾಡು ನೋಡು."

ಆಂಬ್ರೋಸ್ ಆ ಕೈ ಹಿಡಿಯದೆ ಸೂಪಿಗೆ ಚಮಚ ಹಾಕಿದ. ಪಕ್ಕದ ಮೇಜಿನಲ್ಲಿ ಹೊಸ ನಟಿಯರಿಬ್ಬರು ಇದನ್ನೇ ನೋಡುತ್ತಿದ್ದರು. "ಪಾಪ, ಆ ರೈಟರ್ ಎಷ್ಟು ಒಳ್ಳೆಯವ್ರು! ಈ ಮನುಷ್ಯನ ಸೊಕ್ಕು ನೋಡೇ," ಎಂದಳು ಒಬ್ಬಳು, ಅವನಿಗೆ ಕೇಳಿಸುವಂತೆಯೇ.

ಆಂಬ್ರೋಸ್ ಆರಿಹೋದ ಸೂಪು ಮುಗಿಸಿ ಎದ್ದ. ಇದನ್ನು ಡೆಲ್ಲಾಗೆ ಹೇಳಲಿಲ್ಲ. ಆಮೇಲೂ ಬಹಳ ವರ್ಷ ನಟಿಸಿದ; ಗೆಳೆಯರನ್ನು ಮಾತ್ರ ಮಾಡಿಕೊಳ್ಳಲಿಲ್ಲ.